ಮುಚ್ಚಿದ ಪಾತ್ರೆಯ ಜಮಾ-ಖರ್ಚು

ಅಂತರಿಕ್ಷದಲ್ಲಿ ಅತಿಸಣ್ಣ ಜೀವಿಗಳಿಗಾಗಿ ಸ್ವಯಂಪೂರ್ಣ ವಾಸಸ್ಥಾನಗಳನ್ನು ನಿರ್ಮಿಸುವ ಪ್ರಯತ್ನಗಳು ವಿಜ್ಞಾನಲೋಕದ ಪ್ರಶಂಸೆಗೆ ಪಾತ್ರವಾಗಿವೆ. ಅವುಗಳ ರಚನೆಯನ್ನು ಜೀವದಯೆಯ ದೃಷ್ಟಿಯಿಂದ ಪರಾಮರ್ಶಿಸಿದವರು ವಿರಳ. ಎರಡು ಪಾತ್ರೆಗಳನ್ನು ಇಲ್ಲಿ ತುಲನೆಗೆ ತೆಗೆದುಕೊಳ್ಳಬಹುದು.

ಮೊದಲನೆಯದು ಅಮೆರಿಕದ ಪ್ಯಾರಾಗಾನ್ ಸಂಸ್ಥೆಯು ರೂಪಿಸಿದ ‘ಅಟಾನಮಸ್ ಬಯಲಾಜಿಕಲ್ ಸಿಸ್ಟಮ್’. 1996ರ ಮೇ ತಿಂಗಳಲ್ಲಿ ಎಂಡೆವರ್ ನೌಕೆಯಲ್ಲಿ ಹತ್ತು ದಿನ, ತರುವಾಯ ರಷ್ಯದ ಮೀರ್ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇಂತಹ ಪಾತ್ರೆಗಳು ಇದ್ದವು. ಒಳಗೆ ನೀರು, ಗಾಳಿ, ಜಲಸಸ್ಯ, ಬಸವನಹುಳು, ಆಂಫಿಪಾಡ್, ಕೋಪೆಪಾಡ್ ಮೊದಲಾದ ಸಣ್ಣ ಜಲಜೀವಿಗಳು ಮತ್ತು ಬ್ಯಾಕ್ಟೀರಿಯ. ಬೆಳಕು ಒಳಬರುವುದು, ಶಾಖ ಹೊರಹೋಗುವುದು; ಇವೆರಡರ ವಿನಾ ಯಾವ ವಸ್ತುವೂ ಗೋಡೆಯನ್ನು ದಾಟದು. ಸಸ್ಯದ ಆಮ್ಲಜನಕವನ್ನು ಪ್ರಾಣಿ ಉಸಿರಾಡುವುದು. ಪ್ರಾಣಿಯ ಮಲವನ್ನು ಬ್ಯಾಕ್ಟೀರಿಯ ಕೊಳೆಯಿಸಿ ಸಸ್ಯಕ್ಕೆ ಗೊಬ್ಬರವಾಗಿಸುವುದು. ಅಂತರಿಕ್ಷದಲ್ಲಿಯೇ ಈ ಜಲಜೀವಿಗಳು ತಮ್ಮ ಜೀವನಚಕ್ರವನ್ನು ಪೂರ್ಣಗೊಳಿಸಿದವು.

ಇಂತಹ ಪಾತ್ರೆ ಚಿಕ್ಕದಾದಷ್ಟೂ ಅದರ ಲೆಕ್ಕ ಕಠಿಣವಾಗುತ್ತದೆ. ಕೆರೆಗೆ ಅಪಾರವಾದ ಶಿಲ್ಕು ಇದೆ. ಒಂದು ದಿನದ ಹೆಚ್ಚು-ಕಡಿಮೆಯನ್ನು ಅದು ತಾಳಿಕೊಳ್ಳಬಲ್ಲದು. ಸೀಸೆಯೊಳಗಿನ ಲೋಕ ಮಾತ್ರ ಅಂದಿನ ಗಳಿಕೆಯನ್ನು ಅಂದೇ ಉಣ್ಣುವ ಬಡ ಸಂಸಾರ. ಕತ್ತಲೆಯಲ್ಲಿ ಸಸ್ಯವೂ ಆಮ್ಲಜನಕವನ್ನು ವ್ಯಯಿಸುವುದರಿಂದ ದೀಪ ಕೆಟ್ಟರೆ ಎಲ್ಲವೂ ಕೆಟ್ಟಿತು. ಪ್ಯಾರಾಗಾನಿನ ಸ್ಥಾಪಕರಲ್ಲಿ ಜೇನ್ ಪಾಯಿಂಟರ್, ಟೇಬರ್ ಮೆಕಲಮ್ ಇಬ್ಬರೂ 1991ರಿಂದ 1993ರವರೆಗೆ ಅರಿಜೋನದ ‘ಬಯೋಸ್ಫಿಯರ್ 2’ ಎಂಬ ಮುಚ್ಚಿದ ಗಾಜಿನ ಕಟ್ಟಡದಲ್ಲಿ ವಾಸವಾಗಿದ್ದ ಎಂಟು ಜನರಲ್ಲಿ ಸೇರಿದವರು. ಅಲ್ಲಿ ಆಮ್ಲಜನಕ ಶೇ. 21ರಿಂದ ಸುಮಾರು 14ಕ್ಕೆ ಇಳಿದು, ಹೊರಗಿನಿಂದ ತುಂಬಬೇಕಾಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡ್ ಆಗಿ ಮಾಡಿದವು. ಆ ಅನಿಲವನ್ನು ಕಾಂಕ್ರೀಟು ಹೀರಿತು. ಖಾತೆಯಲ್ಲಿ ಕಾಣದ ಸಾಲಗಾರ ಗೋಡೆಯೇ ಆಗಿತ್ತು! ಆ ಅನುಭವದ ಬೆಲೆ ತಿಳಿದವರು ಕಟ್ಟಿದ ಚಿಕ್ಕ ಪಾತ್ರೆಯಲ್ಲಿ ಒಂದು ಸಂಯಮ ಕಾಣುತ್ತದೆ.

ಎರಡನೆಯದು ಚೀನದ ಚಾಂಗ್‌ಇ-4 ನೌಕೆಯು 2019ರ ಜನವರಿ 3ರಂದು ಚಂದ್ರನ ಆಚೆಯ ಮಗ್ಗುಲಿಗೆ ಇಳಿಸಿದ ಲೋಹದ ಡಬ್ಬಿ. ಎತ್ತರ 18 ಸೆಂಟಿಮೀಟರ್. ಹತ್ತಿ, ಆಲೂಗಡ್ಡೆ ಮೊದಲಾದವುಗಳ ಬೀಜ, ಯೀಸ್ಟ್, ಹಣ್ಣುನೊಣದ ಮೊಟ್ಟೆ ಅದರೊಳಗಿದ್ದವು. ಹತ್ತಿಯ ಮೊಳಕೆಯ ಚಿತ್ರ ಲೋಕವೆಲ್ಲ ಹರಡಿತು. ಚಂದ್ರನ ರಾತ್ರಿ ಭೂಮಿಯ ಸುಮಾರು ಹದಿನಾಲ್ಕು ದಿನಗಳಷ್ಟು ದೀರ್ಘ. ಆ ಚಳಿಗೆ ಒಳಗಿದ್ದುದೆಲ್ಲವೂ ಹೆಪ್ಪುಗಟ್ಟಿತು.

ಇದು ಆಕಸ್ಮಿಕವಲ್ಲ. ರಾತ್ರಿಯನ್ನು ಡಬ್ಬಿ ದಾಟದೆಂಬುದು ರಚನೆಗಾರರಿಗೆ ಮೊದಲೇ ತಿಳಿದಿತ್ತು. ನೌಕೆಯ ಯಂತ್ರಗಳನ್ನು ಬೆಚ್ಚಗಿಡಲು ವಿಕಿರಣಶೀಲ ವಸ್ತುವಿನ ಶಾಖ ಒದಗಿಸಲಾಗಿತ್ತು; ಯಂತ್ರಗಳು ಬೆಳಗಾದ ಮೇಲೆ ಎಚ್ಚೆತ್ತವು. ಜೀವವಿದ್ದ ಡಬ್ಬಿಗೆ ಆ ಆಸರೆ ದೊರೆಯಲಿಲ್ಲ. ತೂಕದ ಮಿತಿ ಇದ್ದಿತು ನಿಜ. ಹಾಗಾದರೆ ಬೀಜಗಳಷ್ಟರಿಂದಲೇ ಪ್ರಯೋಗ ನಡೆಸಬಹುದಿತ್ತಲ್ಲ? ನೊಣವನ್ನು ನಮ್ಮ ಪರಂಪರೆ ಚತುರಿಂದ್ರಿಯ ಜೀವಿಗಳಲ್ಲಿ ಎಣಿಸುತ್ತದೆ.

ಪ್ರತಿನಿತ್ಯ ಅಡುಗೆಮನೆಯಲ್ಲಿ ಎಷ್ಟು ನೊಣ ಸಾಯುವುದಿಲ್ಲ ಎಂದು ಕೇಳುವವರಿದ್ದಾರೆ. ಗೃಹಸ್ಥನ ಆರಂಭೀ ಹಿಂಸೆಗೂ ಸಂಕಲ್ಪೀ ಹಿಂಸೆಗೂ ಇರುವ ಭೇದವನ್ನು ಶ್ರಾವಕಾಚಾರ ತಿಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಚಾಂಗ್‌ಇ ಪ್ರಯೋಗವನ್ನು ಸಂಕಲ್ಪೀ ಎನ್ನುವುದು ಕಠೋರವಾದೀತು. ಆದರೆ ಮರಣದ ದಿನಾಂಕವನ್ನು ನಕ್ಷೆಯಲ್ಲಿಯೇ ಬರೆದಿಟ್ಟ ಪಾತ್ರೆಯನ್ನು ‘ಜೀವಗೋಳ’ವೆಂದು ಕೊಂಡಾಡುವುದು ಸಲ್ಲದು. ಮೀರ್‌ನ ಪಾತ್ರೆಗಳೂ ನಿರ್ದೋಷವಲ್ಲ. ಭೂಮಿಗೆ ಮರಳಿದ ಮೇಲೆ ಅವುಗಳನ್ನು ತೆರೆದು ಜೀವಿಗಳನ್ನು ಪರೀಕ್ಷೆಗೆ ಒಳಪಡಿಸಿದರು. ಆದರೂ ಮರಳುವ ದಾರಿಯಂತೂ ಅವುಗಳಿಗಿತ್ತು.

ನೀರು ಸೋಸುವ ಮನೆಗಳಲ್ಲಿ ಬಟ್ಟೆಯ ಮೇಲೆ ಉಳಿದುದನ್ನು ಚೆಲ್ಲುವುದಿಲ್ಲ. ನೀರು ತಂದ ಬಾವಿಗೇ ಅದನ್ನು ತಿರುಗಿ ಬಿಡುತ್ತಾರೆ. ಹಾಗೆ ಬಾವಿಗೆ ಮರಳುವ ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದ ಜೀವಿಯು ಮೀರ್‌ನಲ್ಲಿ ಸಂತಾನ ಬೆಳೆಸಿದ ಕೋಪೆಪಾಡುಗಳ ಕುಲಕ್ಕೇ ಸೇರಿದುದು.