ಮೊಜಾರ್ಟ್‌ನ ಮೊದಲ ಸಿಂಫನಿ: ಬೆರಗು ಬಿಟ್ಟು ಕೇಳುವುದು

ಇವತ್ತಿನ ನನ್ನ ವಿಷಯ ಮೊಜಾರ್ಟ್‌ನ ಮೊದಲ ಸಿಂಫನಿ, ಕೆ. 16. 1764ರಲ್ಲಿ ಲಂಡನ್ನಿನಲ್ಲಿ ಬರೆದದ್ದು. ಆಗ ಅವನಿಗೆ ಎಂಟು ವರ್ಷ. ಈ ಕೃತಿಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು ಎರಡು. ಒಂದು, 'ಎಂಟು ವರ್ಷಕ್ಕೇ ಸಿಂಫನಿಯಾ!' ಅನ್ನುವ ಬೆರಗು. ಇನ್ನೊಂದು, 'ಜುಪಿಟರ್ ಸಿಂಫನಿಯ ಬೀಜ ಇಲ್ಲೇ ಇದೆ' ಅನ್ನುವ ತೀರ್ಪು. ಇವೆರಡರ ನಡುವೆ ಕೃತಿಯನ್ನು ಕೇಳಿಸಿಕೊಳ್ಳೋದೇ ಬಿಟ್ಟುಹೋಗಿದೆ ಎಂಬುದು ನನ್ನ ವಾದ.

ಬೀಜದ ಮಾತನ್ನೇ ಮೊದಲು ನೋಡೋಣ. ನಡುವಿನ ಆಂಡಾಂಟೆಯಲ್ಲಿ ಹಾರ್ನ್‌ಗಳು ನಾಲ್ಕು ಸ್ವರ ಊದುತ್ತವೆ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಸ–ರಿ–ಮ–ಗ. 1788ರ ಜುಪಿಟರ್‌ನ ಕೊನೆಯ ಭಾಗ ಶುರುವಾಗೋದೂ ಈ ನಾಲ್ಕರಿಂದಲೇ. ಹೋಲಿಕೆ ನಿಜ. ಆದರೆ ಈ ಸ್ವರಗುಚ್ಛ ಚರ್ಚ್ ಸಂಗೀತದಲ್ಲಿ ಮೊದಲಿಂದಲೂ ಬಳಕೆಯಲ್ಲಿದ್ದ ಸಾಮಾನ್ಯ ಸೊತ್ತು. ಜುಪಿಟರ್‌ನಲ್ಲಿ ಅದು ಹಲವು ಎಳೆಗಳ ಹೆಣಿಗೆಗೆ ಸೇರುತ್ತದೆ. ಇಲ್ಲಿ ಪಿಟೀಲುಗಳ ಚಲನೆಯ ಹಿಂದೆ ಸುಮ್ಮನೆ ನಿಂತಿರುತ್ತದೆ. ಸ್ವರ ಒಂದೇ, ಕೆಲಸ ಬೇರೆ.

ಹಾಗಾದರೆ ಇದರ ಸ್ವಂತ ಗುಣ ಏನು? ಮೊದಲ ಭಾಗದ ಆರಂಭ ಕೇಳಿ. ಮೂರು ಬಾರ್ ಜೋರಾದ ಘೋಷಣೆ. ತಕ್ಷಣ ಎಂಟು ಬಾರ್ ಮೆಲ್ಲನೆ ಎಳೆದ ಸ್ವರಗಳು. ಮೂರಕ್ಕೆ ಎಂಟು, ಈ ಅಸಮತೋಲನದಲ್ಲೇ ಕುತೂಹಲ ಇದೆ. ಕೊನೆಯ ಪ್ರೆಸ್ಟೊ ಮಾತ್ರ ಚುರುಕಾಗಿ ಬಂದು ಮುಗಿದುಹೋಗುತ್ತೆ, ಮನಸ್ಸಲ್ಲಿ ಉಳಿಯೋದಿಲ್ಲ.

ಇನ್ನು ಕರ್ತೃತ್ವದ ಪ್ರಶ್ನೆ. ಹಸ್ತಪ್ರತಿಯಲ್ಲಿ ತಂದೆ ಲಿಯೊಪೋಲ್ಡ್ ತಿದ್ದಿದ ಗುರುತುಗಳಿವೆ. ಶೈಲಿ ಆಗ ಲಂಡನ್ನಿನಲ್ಲಿದ್ದ ಜೆ. ಸಿ. ಬಾಖ್ ಮತ್ತು ಆಬೆಲ್ ಅವರದು. ಮೊಜಾರ್ಟ್‌ನ 'ಮೂರನೇ ಸಿಂಫನಿ' ಎಂದು ಎಣಿಸಿದ್ದ ಕೆ. 18 ಅಂತೂ ಆಬೆಲ್‌ನದೇ ಕೃತಿ; ಹುಡುಗ ಅದನ್ನು ನಕಲು ಮಾಡಿಕೊಂಡಿದ್ದ. ಅಕ್ಕ ನಾನರ್ಲ್ ಮುಂದೆ ನೆನೆದ ಮೊದಲ ಸಿಂಫನಿಯಲ್ಲಿ ತುತ್ತೂರಿ, ನಗಾರಿ ಇದ್ದವು. ಕೆ. 16ರಲ್ಲಿ ಇರೋದು ಎರಡು ಓಬೊ, ಎರಡು ಹಾರ್ನ್ ಮತ್ತು ತಂತಿವಾದ್ಯಗಳು ಮಾತ್ರ. ಅಂದರೆ 'ಮೊದಲನೆಯದು' ಅನ್ನುವ ಪಟ್ಟವೂ ಗಟ್ಟಿಯಲ್ಲ.

ಇದರಿಂದ ಕೃತಿಯ ಬೆಲೆ ಕಡಿಮೆ ಆಗುತ್ತಾ? ನನಗೆ ಹಾಗನ್ನಿಸಲ್ಲ. ತಿದ್ದಿಸಿಕೊಂಡು, ನಕಲು ಮಾಡಿ ಕಲಿತ ಕೈ ಇಲ್ಲಿ ಕಾಣುತ್ತೆ. ಪ್ರತಿಭೆಯ ಪವಾಡ ಅಂದುಬಿಟ್ಟರೆ ಆ ಕಲಿಕೆ ಮರೆಯಾಗುತ್ತೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವೂ ದೊಡ್ಡ ಕವಿಯ ಮೊದಲ ಸಂಕಲನವನ್ನು ಕೊನೆಯ ಸಂಕಲನದ ಮುನ್ನುಡಿಯ ಹಾಗೆ ಓದ್ತೇವೆ, ಅಲ್ವಾ? ಮುಂದೆ ಬಂದದ್ದು ಗೊತ್ತಿದ್ದೂ ಮೊದಲಿನದನ್ನು ಅದರ ಕಾಲದಲ್ಲಿಟ್ಟು ಓದೋದು ಹೇಗೆ? ಈ ಪ್ರಶ್ನೆಯನ್ನು ಚರ್ಚೆಗೆ ಬಿಡುತ್ತೇನೆ.