ಗ್ರೀಕ್ ಆದದ್ದು ಯಾರಿಗೆ?

ಹೋದ ಮಳೆಗಾಲದಲ್ಲಿ ಹೊಸನಗರದ ಮನೆಯಲ್ಲಿ ಕೂತು, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಒಂದು ವಿಮರ್ಶಾ ಲೇಖನ ಓದುತ್ತಿದ್ದೆ. ಆ ಸಿದ್ಧಾಂತ ಓದುಗನಿಗೆ 'ಗ್ರೀಕ್ ಆಗಿತ್ತು' ಅಂತ ಒಂದು ಕಡೆ ಇತ್ತು. ಡಿಗ್ರಿ ಓದುವ ಪಕ್ಕದ ಮನೆ ಹುಡುಗಿ ಅದನ್ನೇ ತೋರಿಸಿ, "ಮಾವ, ಅವನು ಗ್ರೀಸ್ ದೇಶದವನಾ?" ಅಂದಳು. ನಗು ಬಂತು. ಆಮೇಲೆ ಬೇಜಾರೂ ಆಯಿತು. ಅರ್ಥವಾಗದ್ದನ್ನು ಹೇಳುವ ಮಾತೇ ಅರ್ಥವಾಗದಿದ್ದರೆ ಅವಳು ಸಿದ್ಧಾಂತದ ಹತ್ತಿರ ಹೋಗುವುದು ಹೇಗೆ?

ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಿಂದ ಹೆಸರಾದ ನುಡಿಗಟ್ಟು ಅದು. ಗ್ರೀಕರು ಇದೇ ಅರ್ಥಕ್ಕೆ ಚೀನೀ ಭಾಷೆಯನ್ನು ಎಳೆದು ತರುತ್ತಾರಂತೆ! ನಮಗಂತೂ ಇದು ತಿರುಗುಮುರುಗಾಗಿ ಒದಗಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ಸಿನ ಗ್ರೀಕ್ ಪ್ರಹಸನವೊಂದು 1903ರಲ್ಲಿ ಅಚ್ಚಾಯಿತು. ಅದರಲ್ಲಿ ಭಾರತದ ಕರಾವಳಿಯ ರಾಜನೂ ಅವನ ಕಡೆಯವರೂ ಆಡುವ, ಗ್ರೀಕರಿಗೆ ತಿಳಿಯದ ಮಾತುಗಳಿವೆ. ಅವು ಕನ್ನಡವೆಂದು 1904ರಲ್ಲಿ ಹುಲ್ಟ್ಶ್ ವಾದಿಸಿದರು; ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮುಂತಾದವರು ಅದನ್ನು ಬೆಳೆಸಿದರು. ಎಲ್ಲರೂ ಒಪ್ಪಿಲ್ಲ, ಬಿಡಿ. ಒಪ್ಪಿದರೆ, ಅಲ್ಲಿ ಗ್ರೀಕರಿಗೇ ಕನ್ನಡ 'ಗ್ರೀಕ್' ಆಗಿತ್ತು.

ನಮ್ಮಲ್ಲಿ ಮಾತಿಗೆ ಬರವಿಲ್ಲ. ತಲೆಬುಡ ತಿಳಿಯಲಿಲ್ಲ, ತಲೆಗೆ ಹತ್ತಲಿಲ್ಲ, ಕಬ್ಬಿಣದ ಕಡಲೆ. ಇಂಗ್ಲಿಷಿನವರ ಗಟ್ಟಿ ಕಾಯಿ ಒಡೆಯುವುದಕ್ಕಿರುವುದು. ನಮ್ಮ ಕಡಲೆ ಅಗಿಯುವುದಕ್ಕೆ, ಹಲ್ಲಿಗೇ ಅಪಾಯ. 'ತಿಳಿ' ಎಂಬ ಮಾತನ್ನೇ ನೋಡಿ. ಆಷಾಢದಲ್ಲಿ ನಮ್ಮ ಹೊಳೆಗಳು ಕೆಂಪಾಗಿ ಹರಿಯುತ್ತವೆ. ಮಳೆ ಕಳೆದು ಮಣ್ಣು ತಳ ಸೇರಿದ ಮೇಲೆ ನೀರು ತಿಳಿಯಾಗುತ್ತದೆ. ಅರಿಯುವುದಕ್ಕೂ ಅದೇ ಮಾತು. ಕಲಕಿದಷ್ಟೂ ರಾಡಿ, ಕಾದರೆ ತಿಳಿ. ಹಾಗಂತ ಕನ್ನಡವೆಂದರೆ ಕಾಯುವುದು, ಇಂಗ್ಲಿಷೆಂದರೆ ಹಿಡಿಯುವುದು ಎಂದು ಗೆರೆ ಎಳೆಯುವ ಹುಮ್ಮಸ್ಸು ನನಗಿಲ್ಲ. ಎಟುಕುವುದು, ನಿಲುಕುವುದು ಎಂದು ನಾವೂ ಕೈ ಚಾಚುತ್ತೇವೆ.

ಬೇರೆ ಭಾಷೆಯ ನುಡಿಗಟ್ಟು ಬರಲೇಬಾರದು ಎಂದೂ ಅಲ್ಲ. ಓದುಗನನ್ನು ಬೆಚ್ಚಿಸಿ ಹೊಸದೇನನ್ನೋ ಕಾಣಿಸುವುದಾದರೆ ಬರಲಿ. ಇಲ್ಲಿ 'ಗ್ರೀಕ್' ಏನನ್ನೂ ಕಾಣಿಸುವುದಿಲ್ಲ. ಅನುವಾದಕರು ಮೂಲದ ಪದ ನೋಡಿದ್ದಾರೆ, ಓದುವವರ ಮುಖ ನೋಡಿಲ್ಲ. ಹೀಗೆ ಬರೆದಾಗ ಹುಡುಗಿ ತನ್ನ ಬುದ್ಧಿಯೇ ಸಾಲದು ಅಂದುಕೊಳ್ಳುತ್ತಾಳೆ. ನನ್ನ ತಕರಾರು ಇರುವುದು ಅಲ್ಲಿ.

ಅವಳು ಆ ಸಾಲನ್ನು ಪೆನ್ಸಿಲಿನಲ್ಲಿ ಹೊಡೆದು, ಬದಿಗೆ 'ತಲೆಬುಡ ತಿಳಿಯಲಿಲ್ಲ' ಎಂದು ಬರೆದುಕೊಂಡಳು. ಮುಂದಿನ ಪುಟದಲ್ಲಿ 'ಮಂಜುಗಡ್ಡೆಯ ತುದಿ' ಕಾದಿತ್ತು.