ವಾಸ್ತುಶಿಲ್ಪಿಗಳ ಆತ್ಮಚಿಂತನೆಯೂ ಮಾಳಿಗೆ ಮನೆಯ ಸಾಕ್ಷ್ಯವೂ

ವಾಸ್ತುಶಿಲ್ಪಿಗಳು ತಮ್ಮ ಕೃತಿಗಳ ಹುಟ್ಟನ್ನು ಕುರಿತು ತಾವೇ ಬರೆದ ಗ್ರಂಥಗಳು ಗದ್ಯಸಾಹಿತ್ಯದ ಒಂದು ವಿಶಿಷ್ಟ ಪ್ರಕಾರವಾಗಿ ಬೆಳೆದುನಿಂತಿವೆ. ಅಳತೆ, ವೆಚ್ಚಗಳ ಲೆಕ್ಕವನ್ನು ಬದಿಗಿಟ್ಟು, ತಾವು ಬೆಳೆದ ಮನೆ, ನಡೆದಾಡಿದ ಬೀದಿ, ಕಂಡ ಊರು ಇವು ತಮಗೆ ಹೇಗೆ ಪ್ರೇರಣೆಯಾದುವೆಂಬುದನ್ನು ಇವರು ನಿವೇದಿಸುತ್ತಾರೆ. ಕವಿಯ ಆತ್ಮಕಥನವನ್ನು ಅವನ ಕಾವ್ಯಕ್ಕೆ ಒರೆಹಚ್ಚಿ ನೋಡುವುದು ವಿಮರ್ಶೆಯ ವಾಡಿಕೆ. ವಾಸ್ತುಶಿಲ್ಪಿಯ ಮಾತಿಗಾದರೋ ಇನ್ನೊಂದು ಒರೆಗಲ್ಲೂ ಉಂಟು: ಅವನು ಮೆಚ್ಚಿ ವರ್ಣಿಸುವ ಬಗೆಯ ಮನೆಯಲ್ಲಿ ತಲೆಮಾರುಗಳಿಂದ ಬಾಳಿದವರ ಅನುಭವ. ಪ್ರಕೃತ ಲೇಖನದಲ್ಲಿ ಚಾರ್ಲ್ಸ್ ಕೊರೆಯ, ಲಾರಿ ಬೇಕರ್, ಹಸನ್ ಫಾತಿ, ಬಾಲಕೃಷ್ಣ ದೋಶಿ ಈ ನಾಲ್ವರ ವಿಚಾರಗಳನ್ನು ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಮಾಳಿಗೆ ಮನೆಯ ಎದುರಿಗಿಟ್ಟು ನೋಡಲು ಯತ್ನಿಸಿದ್ದೇವೆ.

ಈ ಸೀಮೆಯನ್ನು ಆರಿಸಿದುದಕ್ಕೆ ಕಾರಣವುಂಟು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿನಲ್ಲಿ ಮನುಷ್ಯವಸತಿ ಬಹು ಪ್ರಾಚೀನವಾದುದು. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯಲ್ಲಿ ದೊರೆತ ಶಾಸನವು ಅಶೋಕನ ಹೆಸರನ್ನು ನೇರವಾಗಿ ಹೇಳಿ ಇತಿಹಾಸಕಾರರ ಒಂದು ದೊಡ್ಡ ಸಂಶಯವನ್ನು ಪರಿಹರಿಸಿತು. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಅಲ್ಲಿಯೇ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಸಂಸ್ಕೃತಿಗಳ ಸ್ತರಗಳು ಕಂಡುಬಂದುವು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರು ೧೯೫೨ರಲ್ಲಿ ಅಗೆದು ತೆಗೆದುದು ನವಶಿಲಾಯುಗದ ಪಶುಪಾಲಕರ ನೆಲೆಯನ್ನು. ಬೆಣಚುಕಲ್ಲು ಕಣಶಿಲೆಗಳ ಗುಡ್ಡ, ಎರೆಮಣ್ಣಿನ ಬಯಲು, ಉರಿಬಿಸಿಲು, ಕೊರತೆಯ ಮಳೆ ಇವುಗಳೊಡನೆ ಇಷ್ಟು ದೀರ್ಘಕಾಲ ಹೆಣಗಿದ ಜನರ ಮನೆ ಆಕಸ್ಮಿಕವಾಗಿ ಹುಟ್ಟಿದುದಾಗಿರಲಾರದು.

ಮಾಳಿಗೆ ಮನೆಯ ರಚನೆ ಸರಳ. ಗುಡ್ಡದ ಬದಿಯ ಊರುಗಳಲ್ಲಿ ಕಲ್ಲು ಮಣ್ಣುಗಳ, ಎರೆಯ ಬಯಲಿನಲ್ಲಿ ಹೆಚ್ಚಾಗಿ ಮಣ್ಣಿನ, ದಪ್ಪ ಗೋಡೆ. ಕಂಬ, ಬೋದಿಗೆ, ತೊಲೆ. ತೊಲೆಯ ಮೇಲೆ ಜಂತಿಗಳ ಸಾಲು. ಅದರ ಮೇಲೆ ಕಡ್ಡಿ ಸೊಪ್ಪುಗಳ ಹಾಸು. ಎಲ್ಲಕ್ಕೂ ಮೇಲೆ ಮಣ್ಣಿನ ಮೇಲ್ಮುದ್ದೆ. ಒಳಗೆ ದನಗಳ ಅಂಕಣ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ. ಕಿಟಕಿಗಳು ವಿರಳ, ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮಳೆ ಬಂದಾಗ ಅದರ ಮೇಲೊಂದು ಚಪ್ಪಡಿಯನ್ನೋ ಗಡಿಗೆಯನ್ನೋ ಮುಚ್ಚುವುದುಂಟು. ಹಗಲಿನ ಕಾವು ದಪ್ಪ ಗೋಡೆಯನ್ನು ದಾಟಿ ಒಳಸೇರುವಷ್ಟರಲ್ಲಿ ಇರುಳಾಗಿರುತ್ತದೆ. ಆದಕಾರಣ ಬೇಸಗೆಯ ನಡುಹಗಲಿನಲ್ಲಿ ಪಡಸಾಲೆ ತಂಪು, ರಾತ್ರಿ ಅದೇ ಪಡಸಾಲೆ ಸೆಕೆ. ಮನೆಮಂದಿ ಹಾಸಿಗೆ ಹೊತ್ತು ಮಾಳಿಗೆಯೇರುವುದು ಈ ಕಾರಣದಿಂದಲೇ.

ಇಲ್ಲಿ ಕೊರೆಯ ಅವರ ವಿಚಾರವು ತಾನಾಗಿಯೇ ನೆನಪಾಗುತ್ತದೆ. ೨೦೧೦ರಲ್ಲಿ ಪ್ರಕಟವಾದ 'ಎ ಪ್ಲೇಸ್ ಇನ್ ದ ಶೇಡ್' ಎಂಬ ಪ್ರಬಂಧಸಂಗ್ರಹದಲ್ಲಿ ಬಾಲ್ಯದ ಆಟದ ರೈಲುಗಳಿಂದ ಮೊದಲುಗೊಂಡು ಮಹಾನಗರದ ವಸತಿಯವರೆಗೆ ಅವರ ಚಿಂತನೆ ಹರಿದಿದೆ. ಬಿಸಿನಾಡಿನಲ್ಲಿ ಆಕಾಶಕ್ಕೆ ತೆರೆದ ಎಡೆಯೂ ಒಂದು ಕೋಣೆಯೇ ಎಂಬುದು, ಹೊತ್ತು ಋತುಗಳನ್ನನುಸರಿಸಿ ನಿವಾಸಿಗಳು ಮನೆಯೊಳಗೇ ಒಂದೆಡೆಯಿಂದ ಇನ್ನೊಂದೆಡೆಗೆ ವಲಸೆ ಹೋಗುತ್ತಾರೆಂಬುದು ಅವರ ಮುಖ್ಯ ಪ್ರತಿಪಾದನೆ. ಮಾಳಿಗೆ ಮನೆ ಇದನ್ನು ಅಕ್ಷರಶಃ ಸಮರ್ಥಿಸುತ್ತದೆ. ಆದರೆ ಒಂದು ಮಾತನ್ನು ಸೇರಿಸಬೇಕು. ವಲಸೆ ಹೋಗಲು ಎರಡು ನೆಲೆಗಳಾದರೂ ಬೇಕು. ಒಂದೇ ಅಂಕಣದ ಕೂಲಿಕಾರನ ಗುಡಿಸಲಿಗೆ ಹತ್ತಬಹುದಾದ ಮಾಳಿಗೆಯಿಲ್ಲ. ಅವನ ಪಾಲಿನ ಆಕಾಶ ಬೀದಿಯಲ್ಲಿದೆ. ಕೊರೆಯ ಅವರು ಬಡವರ ವಸತಿಯಲ್ಲಿಯೂ ತೆರೆದ ಅಂಗಳಕ್ಕಾಗಿ ವಾದಿಸಿದುದು ಅವರ ಹಿರಿಮೆ. ಆದರೂ ಆಕಾಶವನ್ನು ವರವೆನ್ನುವಾಗ, ಆ ವರ ಯಾರಿಗೆ ಎಷ್ಟು ದಕ್ಕಿದೆಯೆಂಬ ಪ್ರಶ್ನೆಯನ್ನು ಓದುಗನು ಬಿಡದೆ ಕೇಳಬೇಕಾಗುತ್ತದೆ.

ಎರಡನೆಯದಾಗಿ ಬೇಕರ್ ಅವರ ತತ್ತ್ವ. ಮನೆಯನ್ನು ಐದು ಮೈಲಿಯೊಳಗೆ ದೊರೆವ ಸಾಮಗ್ರಿಯಿಂದಲೇ ಕಟ್ಟಬೇಕೆಂಬ ಗಾಂಧೀಜಿಯವರ ಮಾತು ತಮ್ಮ ಬಾಳಿನ ದಾರಿಯನ್ನು ತಿದ್ದಿತೆಂದು ಅವರು ಹೇಳಿಕೊಂಡಿದ್ದಾರೆ. ಚಿತ್ರಸಹಿತವಾದ ಅವರ ಕಿರುಹೊತ್ತಗೆಗಳು ಗಾರೆಯವನಿಗೂ ಅರ್ಥವಾಗುವಷ್ಟು ತಿಳಿಯಾಗಿವೆ. ಮಸ್ಕಿಯ ಮನೆಯಲ್ಲಿ ಕಲ್ಲೂ ಮಣ್ಣೂ ಈ ಐದು ಮೈಲಿಯ ಒಳಗಿನವೇ. ಆದರೆ ಮಾಳಿಗೆಯ ಭಾರವೆಲ್ಲ ನಿಂತಿರುವುದು ಮರದ ಮೇಲೆ. ಬಯಲುಸೀಮೆಯಲ್ಲಿ ಬೇವು ಜಾಲಿಗಳು ದೊರೆತಾವು; ಉದ್ದ ತೊಲೆಗೆ ಒದಗುವ ಒಳ್ಳೆಯ ಮರ ಎಂದೂ ಸುಲಭವಾಗಿರಲಿಲ್ಲ, ಈಗಂತೂ ದುಬಾರಿ. ಅಂಕಣಗಳು ಇಕ್ಕಟ್ಟಾಗಿರುವುದಕ್ಕೆ ತೊಲೆಯ ಉದ್ದವೂ ಒಂದು ಕಾರಣ. ಜನರು ಸಿಮೆಂಟಿನ ಚಾವಣಿಗೆ ಒಲಿದುದು ಬರಿಯ ಮೋಹದಿಂದಲ್ಲ. ತೊಲೆಯ ಬೆಲೆಯೂ ಅವರನ್ನು ಅತ್ತ ನೂಕಿತು. ಐದು ಮೈಲಿಯ ಸೂತ್ರವನ್ನು ನಕ್ಷೆಯ ಮೇಲಿನ ವೃತ್ತವೆಂದು ತಿಳಿಯದೆ, ಒಕ್ಕಲಿನ ಕೈಗೆ ಎಟುಕುವ ಅಳವೆಂದು ಅರ್ಥೈಸಿದರೆ ಮಾತ್ರ ಅದು ಇಲ್ಲಿ ಸಾರ್ಥಕವಾಗುತ್ತದೆ.

ಮಣ್ಣನ್ನು ಕುರಿತ ಬರಹಗಳಲ್ಲಿ ಹಸನ್ ಫಾತಿ ಅವರ 'ಆರ್ಕಿಟೆಕ್ಚರ್ ಫಾರ್ ದ ಪೂರ್' ಅತ್ಯಂತ ಗಂಭೀರವಾದುದು. ೧೯೬೯ರಲ್ಲಿ ಕೈರೋದಲ್ಲಿ ಬೇರೆ ಹೆಸರಿನಿಂದ ಹೊರಬಂದ ಈ ಗ್ರಂಥ ೧೯೭೩ರಲ್ಲಿ ಷಿಕಾಗೋದಿಂದ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ರೈಲಿನ ಕಿಟಕಿಯಿಂದ ಕಂಡು ಪ್ರೀತಿಸಿದ ಹಳ್ಳಿಗೂ ಹತ್ತಿರದಿಂದ ಕಂಡ ಹಳ್ಳಿಗೂ ಇರುವ ಅಂತರವನ್ನು ಅವರು ಮರೆಮಾಚುವುದಿಲ್ಲ. ನ್ಯೂಬಿಯದ ಮೇಸ್ತ್ರಿಗಳು ಮರದ ಆಧಾರವೇ ಇಲ್ಲದೆ ಮಣ್ಣಿನಿಟ್ಟಿಗೆಯ ಕಮಾನು ಕಟ್ಟುವುದನ್ನು ಕಂಡು ಅವರು ಶಿಷ್ಯಭಾವದಿಂದ ಕಲಿತರು. ಆ ವಿದ್ಯೆಯಿಂದ ಹೊಸ ಗೂರ್ನಾ ಎಂಬ ಊರನ್ನೇ ಕಟ್ಟಹೊರಟರು. ಆದರೆ ಯಾರಿಗಾಗಿ ಕಟ್ಟಿದರೋ ಅವರು ತಮ್ಮ ಹಳೆಯ ನೆಲೆಯನ್ನು ಬಿಟ್ಟು ಬರಲೊಪ್ಪಲಿಲ್ಲ. ಈ ಸೋಲಿನ ವೃತ್ತಾಂತವೇ ಗ್ರಂಥದ ಜೀವಾಳ. ಅಧಿಕಾರಿಗಳ ಉದಾಸೀನವನ್ನು ಅವರು ವಿಸ್ತಾರವಾಗಿ ಹೇಳಿದ್ದಾರೆ. ಊರವರ ನಿರಾಕರಣೆಯೂ ಒಂದು ವಿಮರ್ಶೆಯಾಗಿರಬಹುದೆಂಬುದನ್ನು ಅಷ್ಟೇ ಬಿಚ್ಚುಮನಸ್ಸಿನಿಂದ ವಿಚಾರಿಸಿಲ್ಲವೆಂದು ನಮಗೆ ತೋರುತ್ತದೆ.

ಈ ಕೊರತೆ ಅವರೊಬ್ಬರದೇ ಅಲ್ಲ. ಮಣ್ಣಿನ ಮಾಳಿಗೆಯು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಮಳೆಗಾಲಕ್ಕೆ ಮುನ್ನ ಅದಕ್ಕೆ ಕರಲು ಮಣ್ಣು ಹಾಕಬೇಕು, ಗೋಡೆಗೆ ಮಣ್ಣು ಮೆತ್ತಬೇಕು, ನೆಲವನ್ನು ಸಾರಿಸುತ್ತಿರಬೇಕು. ಈ ದುಡಿಮೆಯ ಬಹುಪಾಲು ಹೆಂಗಸರದು. ಮಣ್ಣಿನ ಸೊಬಗನ್ನು ಕೊಂಡಾಡುವ ಆತ್ಮಚಿಂತನೆಗಳಲ್ಲಿ ಕಟ್ಟುವ ಕೈಗೆ ದೊರೆಯುವ ಗೌರವ ಸಾರಿಸುವ ಕೈಗೆ ದೊರೆಯುವುದು ಅಪರೂಪ. ೨೦೦೯ರ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಆದಿಗೂ ಸುರಿದ ಮಹಾಮಳೆಯಲ್ಲಿ ರಾಯಚೂರು ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಕುಸಿದುವು. ಆ ರಾತ್ರಿಗಳನ್ನು ಕಂಡ ಕುಟುಂಬವು ಸಿಮೆಂಟಿನ ಚಾವಣಿಯನ್ನು ಬಯಸಿದರೆ ಅದನ್ನು ಅಭಿರುಚಿಯ ಅಧಃಪತನವೆನ್ನುವ ಅಧಿಕಾರ ಯಾವ ರಸಿಕನಿಗೂ ಇಲ್ಲ.

ಕರಲು ಮಣ್ಣಿನ ಪ್ರಸ್ತಾಪ ಬಂದಿತಷ್ಟೆ. ಸೋಡಿಯಂ ಲವಣ ಹೆಚ್ಚಾಗಿರುವ ಈ ಮಣ್ಣು ನೆನೆದೊಡನೆ ಅದರ ಜೇಡಿಯ ಕಣಗಳು ಚದುರಿ ಸಂದುಗಳನ್ನು ಮುಚ್ಚುತ್ತವೆ. ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ರಸಾಯನಶಾಸ್ತ್ರವನ್ನೋದದ ಒಕ್ಕಲಿಗನು ಬೆಳೆಗೆ ಬಾರದ ನೆಲವನ್ನು ಹೀಗೆ ತಲೆಯ ಮೇಲಿನ ರಕ್ಷೆಯಾಗಿ ಮಾಡಿಕೊಂಡನು. ೧೯೫೦ರ ದಶಕದ ತರುವಾಯ ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿತು. ಆಂಧ್ರದ ರೈತರ ಕ್ಯಾಂಪುಗಳೂ ಪೂರ್ವ ಬಂಗಾಳದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ನೆಲೆಗೊಂಡುವು. ಸಂಪತ್ತು ಬಂದಿತು, ಬಸಿಯದ ನೀರಿನೊಡನೆ ಸವಳೂ ಬಂದಿತು. ಮಾಳಿಗೆಯ ಮೇಲೆ ಕಾಪಾಡುತ್ತಿದ್ದ ಗುಣವೇ ಗದ್ದೆಯಲ್ಲಿ ಬೇರನ್ನು ಉಸಿರುಗಟ್ಟಿಸಿತು. ತೇವವೇರಿದ ನೆಲದಲ್ಲಿ ಕಾಳು ತುಂಬುವ ಹಗೇವೂ ಉಳಿಯಲಾರದು. ಸ್ಥಳವೆಂಬುದು ಸ್ಥಿರವಾದ ಸ್ಫೂರ್ತಿಯ ಭಂಡಾರವಲ್ಲ, ನೀರೂ ಜನರೂ ಬೆಲೆಗಳೂ ಅದನ್ನು ಬದಲಿಸುತ್ತಿರುತ್ತವೆಂಬುದಕ್ಕೆ ಸಿಂಧನೂರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಚಲನೆಯನ್ನು ಹೆಚ್ಚಾಗಿ ಗ್ರಹಿಸಿದವರು ದೋಶಿ. ೨೦೧೧ರ 'ಪಾತ್ಸ್ ಅನ್‌ಚಾರ್ಟೆಡ್' ಎಂಬ ಆತ್ಮಕಥನದಲ್ಲಿ ಪುಣೆಯ ಅವಿಭಕ್ತ ಕುಟುಂಬದ ಮನೆ, ಅಜ್ಜನ ಮರಗೆಲಸದ ಕಾರ್ಖಾನೆ ಇವು ಜೀವಂತವಾಗಿ ಬರುತ್ತವೆ. ಸಂಸಾರ ಬೆಳೆದಂತೆ ಮನೆಯೂ ಬೆಳೆಯಬೇಕೆಂಬ ಅರಿವು ಇಂದೂರಿನ ಅರಣ್ಯ ಬಡಾವಣೆಗೆ ಆಧಾರವಾಯಿತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲಿನ ಓಣಿಗಳಲ್ಲಿ ಬಿಸಿಲು ನೆರಳುಗಳಿಗೆ ಅವರು ಕೊಟ್ಟ ಸ್ಥಾನವನ್ನು ಕನ್ನಡಿಗರು ಕಣ್ಣಾರೆ ಕಾಣಬಹುದು. ಅಣ್ಣತಮ್ಮಂದಿರು ಪಾಲಾದಾಗ ಪಡಸಾಲೆಯ ನಡುವೆ ಗೋಡೆಯೇಳುವುದನ್ನು ಬಲ್ಲ ನಮ್ಮ ಹಳ್ಳಿಗರಿಗೆ ಮನೆಯ ಬೆಳವಣಿಗೆಯೊಡನೆ ಅದರ ಒಡಕೂ ಪರಿಚಿತ. ದೋಶಿಯವರ ಗದ್ಯದಲ್ಲಿ ಬೆಳವಣಿಗೆಯ ಸಂಭ್ರಮಕ್ಕೆ ದೊರೆತ ಎಡೆ ಒಡಕಿನ ನೋವಿಗೆ ದೊರೆತಿಲ್ಲ.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವಿಷ್ಟು: ಈ ಗ್ರಂಥಗಳ ಬೆಲೆ ಅವು ಸ್ಥಳವನ್ನು ಎಷ್ಟು ಸುಂದರವಾಗಿ ನೆನೆದಿವೆಯೆಂಬುದರಲ್ಲಿಲ್ಲ, ಅಲ್ಲಿನ ದುಡಿಮೆ, ಅಭಾವ, ಬಯಕೆಗಳಿಗೆ ಎಷ್ಟರಮಟ್ಟಿಗೆ ಉತ್ತರ ಕೊಡುತ್ತವೆಯೆಂಬುದರಲ್ಲಿದೆ. ಜಂತಿ ಜೋಡಿಸಿದ ಬಡಿಗನೂ, ಕಲ್ಲು ಕೂಡಿಸಿದ ವಡ್ಡನೂ, ಗೋಡೆಯೆತ್ತಿದ ಉಪ್ಪಾರನೂ, ಮಾಳಿಗೆ ಮೆತ್ತಿದ ಹೆಂಗಸೂ ತಮ್ಮ ವಿನ್ಯಾಸವನ್ನು ಕುರಿತು ಗ್ರಂಥ ಬರೆದವರಲ್ಲ. ಅವರ ಚಿಂತನೆ ಉಳಿದಿರುವುದು ಅವರ ಮಾತಿನಲ್ಲಿ, ವೃತ್ತಿಯ ಪದಗಳಲ್ಲಿ. ಮನೆಗಳು ಬೀಳುತ್ತಿರುವಂತೆಯೇ ಆ ಪದಗಳೂ ನಾಲಗೆಯಿಂದ ಜಾರುತ್ತಿವೆ. ಕನ್ನಡದ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮತಮ್ಮ ಊರಿನ ಹಿರಿಯರ ಬಳಿ ಕುಳಿತು, ಮನೆ ಹೇಗೆ ಕಟ್ಟಿದಿರಿ ಎಂಬುದನ್ನಷ್ಟೇ ಅಲ್ಲದೆ, ಅದನ್ನು ಏಕೆ ಬಿಟ್ಟಿರಿ ಎಂಬುದನ್ನೂ ಕೇಳಿ ಬರೆದಿಟ್ಟರೆ, ಈ ನಾಲ್ವರ ಗ್ರಂಥಗಳ ಪಕ್ಕದಲ್ಲಿ ಇಡಬಹುದಾದ ಐದನೆಯದೊಂದು ನಮ್ಮ ಭಾಷೆಯಲ್ಲಿಯೇ ಸಿದ್ಧವಾದೀತು.